ಮಳೆಯುಂಟು, ನದಿಯಿಲ್ಲ: ಚಂದ್ರನ ದ್ವೀಪ ಕಲಿಸುವ ನೀರಿನ ಪಾಠ

ರಾತ್ರಿ ಮಲಗುವ ಮುನ್ನ ಸೂರಃ ಅಲ್-ಮುಲ್ಕ್ ಓದುವ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಮೂವತ್ತು ಆಯತ್‌ಗಳ ಆ ಸೂರಃ ಒಂದು ಪ್ರಶ್ನೆಯೊಂದಿಗೆ ಮುಗಿಯುತ್ತದೆ. ನಿಮ್ಮ ನೀರು ನೆಲದಾಳಕ್ಕೆ ಇಳಿದು ಹೋದರೆ ನಿಮಗೆ ಹರಿಯುವ ನೀರನ್ನು ತಂದುಕೊಡುವವರು ಯಾರು ಎಂದು ಅಲ್ಲಾಹನು ಅಲ್ಲಿ ಕೇಳುತ್ತಾನೆ. ಬಾವಿಯಲ್ಲಿ ನೀರಿರುವಾಗ, ನಲ್ಲಿ ತಿರುಗಿಸಿದರೆ ನೀರು ಬರುವಾಗ, ಈ ಪ್ರಶ್ನೆ ನಮ್ಮ ನಾಲಗೆಯ ಮೇಲೆ ಹಾದುಹೋಗುತ್ತದೆ. ಮನಸ್ಸಿನ ಒಳಗೆ ಇಳಿಯುವುದು ಕಡಿಮೆ.

ಆದರೆ ನಮ್ಮದೇ ಹಿಂದೂ ಮಹಾಸಾಗರದ ಆಚೆ ಬದಿಯಲ್ಲಿ ಒಂದು ದ್ವೀಪವಿದೆ. ಅಲ್ಲಿ ಈ ಪ್ರಶ್ನೆಯನ್ನು ಜನ ದಿನವೂ ಬದುಕುತ್ತಾರೆ. ಅಲ್ಲಿ ಮಳೆಗೆ ಕೊರತೆಯಿಲ್ಲ. ಕಾಡು ಹಸಿರಾಗಿದೆ, ತೆಂಗು, ಬಾಳೆ, ಲವಂಗ ಬೆಳೆಯುತ್ತವೆ. ಆದರೂ ಇಡೀ ದ್ವೀಪದಲ್ಲಿ ವರ್ಷವಿಡೀ ಹರಿಯುವ ಒಂದೇ ಒಂದು ನದಿಯಿಲ್ಲ. ಬಿದ್ದ ಮಳೆಯೆಲ್ಲ ನೆಲದಾಳಕ್ಕೆ ಇಳಿದು ಹೋಗುತ್ತದೆ. ಆ ದ್ವೀಪದ ಹೆಸರು ಅಂಗಾಝಿಜಾ. ಫ್ರೆಂಚರು ಅದನ್ನು ಗ್ರಾಂಡ್ ಕೊಮೊರ್ ಎಂದು ಕರೆದರು.

ಚಂದ್ರನ ದ್ವೀಪಗಳು

ಆಫ್ರಿಕಾದ ಮೊಝಾಂಬಿಕ್ ಮತ್ತು ಮಡಗಾಸ್ಕರ್ ನಡುವಿನ ಕಡಲಿನ ಉತ್ತರ ತುದಿಯಲ್ಲಿ ನಾಲ್ಕು ದೊಡ್ಡ ದ್ವೀಪಗಳಿವೆ. ಪಶ್ಚಿಮದಿಂದ ಪೂರ್ವಕ್ಕೆ ಹೋದರೆ ಅಂಗಾಝಿಜಾ, ಮೊಹೆಲಿ, ಅಂಜುವಾನ್ ಮತ್ತು ಮಯೋಟ್. ಅರಬ್ ನಾವಿಕರು ಇವುಗಳನ್ನು ಜುಝುರುಲ್ ಕಮರ್, ಅಂದರೆ ಚಂದ್ರನ ದ್ವೀಪಗಳು ಎಂದರು. ಆ 'ಕಮರ್' ಎಂಬ ಪದವೇ ಯುರೋಪಿಯನ್ನರ ಬಾಯಲ್ಲಿ 'ಕೊಮೊರೊಸ್' ಆಯಿತು. 1975ರ ಜುಲೈ 6ರಂದು ಕೊಮೊರೊಸ್ ಫ್ರಾನ್ಸಿನಿಂದ ಸ್ವತಂತ್ರವಾಯಿತು. ನಾಲ್ಕನೆಯ ದ್ವೀಪವಾದ ಮಯೋಟ್ ಮಾತ್ರ ಫ್ರಾನ್ಸಿನ ಜೊತೆಗೇ ಉಳಿಯಿತು.

ಇಲ್ಲಿನ ಜನರಲ್ಲಿ ಬಹುತೇಕ ಎಲ್ಲರೂ ಮುಸ್ಲಿಮರು, ಸುನ್ನಿಗಳು, ಶಾಫಿಈ ಮದ್‌ಹಬನ್ನು ಅನುಸರಿಸುವವರು. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಅನುಸರಿಸುವುದೂ ಇದೇ ಮದ್‌ಹಬನ್ನು. ಇದು ಆಕಸ್ಮಿಕವಲ್ಲ. ಯಮನ್ ಮತ್ತು ಅರಬ್ ಕರಾವಳಿಯಿಂದ ಮಾನ್ಸೂನ್ ಗಾಳಿಯನ್ನು ನಂಬಿ ಹೊರಟ ಹಾಯಿಹಡಗುಗಳು ಒಂದು ಕಡೆ ಆಫ್ರಿಕಾದ ಕರಾವಳಿಗೂ ಇನ್ನೊಂದು ಕಡೆ ಮಲಬಾರ್, ಕೆನರಾ ತೀರಕ್ಕೂ ಬರುತ್ತಿದ್ದವು. ಸರಕಿನ ಜೊತೆಗೆ ದೀನಿನ ವಿದ್ಯೆಯೂ ಕಿತಾಬುಗಳೂ ಬಂದವು. ಹಾಗಾಗಿ ನಾವು ನೋಡಿರದ ಆ ದ್ವೀಪದ ಮಕ್ಕಳು ಮದ್ರಸದಲ್ಲಿ ವುಝೂವಿನ ಫರ್ಝ್‌ಗಳನ್ನು ಕಲಿಯುವುದು ನಮ್ಮ ಕರಾವಳಿಯ ಮಕ್ಕಳು ಕಲಿಯುವ ಹಾಗೆಯೇ. ರಾಜಧಾನಿ ಮೊರೋನಿಯ ಬಂದರಿನ ಬದಿಯಲ್ಲಿ ಬಿಳಿ ಕಮಾನುಗಳ ಹಳೆಯ ಜುಮಾ ಮಸೀದಿಯೊಂದಿದೆ. ಅದರ ಮೂಲ 15ನೇ ಶತಮಾನದ್ದು.

ಬೆಂಕಿಯಿಂದ ಎದ್ದ ನೆಲ

ಈ ನಾಲ್ಕೂ ದ್ವೀಪಗಳು ಜ್ವಾಲಾಮುಖಿಗಳಿಂದ ಹುಟ್ಟಿದವು. ಸಮುದ್ರದ ತಳ ಸೀಳಿ ಕರಗಿದ ಕಲ್ಲು ಉಕ್ಕಿತು, ತಣ್ಣಗಾಯಿತು, ಅದರ ಮೇಲೆ ಮತ್ತೆ ಉಕ್ಕಿತು. ಹೀಗೆ ಪದರದ ಮೇಲೆ ಪದರ ಸೇರಿ ಕೊನೆಗೆ ಬೆಟ್ಟದ ತಲೆ ನೀರಿನ ಮೇಲೆ ಕಾಣಿಸಿಕೊಂಡಿತು. ನಾವು ದ್ವೀಪ ಎನ್ನುವುದು ನಿಜವಾಗಿ ಸಮುದ್ರದಲ್ಲಿ ನಿಂತಿರುವ ಪರ್ವತದ ಮೇಲ್ಭಾಗ ಮಾತ್ರ.

ನಾಲ್ಕರಲ್ಲಿ ಮಯೋಟ್ ಹಳೆಯದು, ಅಂಗಾಝಿಜಾ ಕಿರಿಯದು. ಈ ವಯಸ್ಸಿನ ವ್ಯತ್ಯಾಸ ಮುಂದೆ ಹೇಳುವ ನೀರಿನ ವಿಷಯಕ್ಕೆ ಮುಖ್ಯ. ಹಳೆಯ ದ್ವೀಪಗಳಲ್ಲಿ ಲಾವಾದ ಕಲ್ಲು ಸಾವಿರಾರು ವರ್ಷ ಮಳೆ ಬಿಸಿಲಿಗೆ ಸವೆದು ಜೇಡಿಮಣ್ಣಾಗಿದೆ. ಜೇಡಿಮಣ್ಣು ನೀರನ್ನು ತಡೆದು ನಿಲ್ಲಿಸುತ್ತದೆ. ಆದ್ದರಿಂದ ಅಂಜುವಾನ್, ಮೊಹೆಲಿ ದ್ವೀಪಗಳಲ್ಲಿ ಹೊಳೆಗಳಿವೆ. ಅಂಗಾಝಿಜಾದ ಕಲ್ಲು ಇನ್ನೂ ಹೊಸತು. ಅದರಲ್ಲಿ ಬಿರುಕು, ತೂತು, ಟೊಳ್ಳುಗಳು ತುಂಬಿವೆ.

ಹೊಸತು ಎನ್ನಲು ಕಾರಣ, ಅಲ್ಲಿನ ಬೆಂಕಿ ಇನ್ನೂ ಆರಿಲ್ಲ. ದ್ವೀಪದ ನಡುವೆ ಕಾರ್ತಾಲಾ ಎಂಬ ಪರ್ವತವಿದೆ. ಎತ್ತರ 2,361 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ನಾನೂರು ಮೀಟರಿಗೂ ಹೆಚ್ಚು ಎತ್ತರ. ಅದರ ತಲೆಯ ಮೇಲಿನ ಬಾಯಿ ಸುಮಾರು ಮೂರು ಕಿಲೋಮೀಟರ್ ಅಗಲ, ನಾಲ್ಕು ಕಿಲೋಮೀಟರ್ ಉದ್ದ. 19ನೇ ಶತಮಾನದಿಂದ ಈಚೆಗೆ ಅದು ಇಪ್ಪತ್ತಕ್ಕೂ ಹೆಚ್ಚು ಬಾರಿ ಸಿಡಿದಿದೆ. 1977ರಲ್ಲಿ ಪರ್ವತದ ಬದಿ ಬಿರಿದು ಲಾವಾ ಸಿಂಗಾನಿ ಎಂಬ ಹಳ್ಳಿಯನ್ನು ನುಂಗಿ ಸಮುದ್ರದವರೆಗೆ ಹರಿಯಿತು. ಜನ ಮತ್ತೆ ಅದೇ ಊರನ್ನು ಕಟ್ಟಿಕೊಂಡರು.

ಅಂಥ ಪರ್ವತದ ಕೆಳಗೆ ಯಾರು ವಾಸಿಸುತ್ತಾರೆ ಎಂದು ನಮಗೆ ಅನಿಸಬಹುದು. ದೇಶದ ಜನಸಂಖ್ಯೆಯ ಸುಮಾರು ಅರ್ಧದಷ್ಟು ಜನ ಅಂಗಾಝಿಜಾದಲ್ಲೇ ಇದ್ದಾರೆ. ಬೂದಿ ಬಿದ್ದ ನೆಲ ಫಲವತ್ತಾಗುತ್ತದೆ. ಹೆದರಿಸುವ ಬೆಟ್ಟವೇ ಅನ್ನವನ್ನೂ ಕೊಡುತ್ತದೆ. ಸೂರಃ ಅಲ್-ಮುಲ್ಕ್‌ನಲ್ಲಿ ಈ ಎರಡೂ ಮಾತುಗಳು ಅಕ್ಕಪಕ್ಕದಲ್ಲೇ ಬರುತ್ತವೆ. 15ನೇ ಆಯತ್‌ನಲ್ಲಿ ಅಲ್ಲಾಹನು ಭೂಮಿಯನ್ನು ನಿಮಗೆ ವಶಪಡಿಸಿ ಕೊಟ್ಟಿರುವನೆಂದೂ ಅದರ ಮೇಲೆ ನಡೆದಾಡಿ ಅವನ ಆಹಾರವನ್ನು ಉಣ್ಣಿರೆಂದೂ ಹೇಳಲಾಗಿದೆ. 16ನೇ ಆಯತ್‌ನಲ್ಲಿ ಅದೇ ಭೂಮಿ ಕಂಪಿಸಿ ನಿಮ್ಮನ್ನು ನುಂಗಲಾರದೆಂದು ನಿಶ್ಚಿಂತರಾಗಿದ್ದೀರಾ ಎಂದು ಕೇಳಲಾಗಿದೆ.

ಅಷ್ಟೂ ಮಳೆ ಎಲ್ಲಿ ಹೋಗುತ್ತದೆ?

ಮೊರೋನಿ ನಗರದಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಕಾರ್ತಾಲಾದ ಪಶ್ಚಿಮದ ಇಳಿಜಾರುಗಳಲ್ಲಿ ಇನ್ನೂ ಹೆಚ್ಚು. ಬೇರೆ ಯಾವ ನಾಡಿನಲ್ಲಾದರೂ ಇಷ್ಟು ಮಳೆಗೆ ಹತ್ತಾರು ಹೊಳೆಗಳು ಹರಿಯಬೇಕಿತ್ತು. ಇಲ್ಲಿ ಜರಡಿಗೆ ನೀರು ಸುರಿದ ಹಾಗೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಹಳ್ಳಗಳೆಲ್ಲ ಒಣಗುತ್ತವೆ.

ಇಳಿದ ನೀರು ಮಾಯವಾಗುವುದಿಲ್ಲ. ದ್ವೀಪದ ಅಡಿಯಲ್ಲಿ ಕಲ್ಲಿನ ಸಂದುಗಳೊಳಗೆ ಸಮುದ್ರದ ಉಪ್ಪುನೀರು ಬಂದು ತುಂಬಿಕೊಂಡಿರುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಹಾಗಾಗಿ ಇಳಿದುಬಂದ ಮಳೆನೀರು ಅದರ ಮೇಲೆ ತೆಳುವಾಗಿ ತೇಲುತ್ತ ನಿಲ್ಲುತ್ತದೆ, ಕ್ರಮೇಣ ಕಡಲ ಅಂಚಿನಲ್ಲಿ ಸಮುದ್ರ ಸೇರುತ್ತದೆ. ಕರಾವಳಿಯಲ್ಲಿ ಬಾವಿ ತೋಡಿದರೆ ಈ ನೀರು ಸಿಗುತ್ತದೆ. ಆದರೆ ಅತಿಯಾಗಿ ಸೇದಿದರೆ ಅಡಿಯ ಉಪ್ಪುನೀರು ಮೇಲೇರುತ್ತದೆ. ಕಲ್ಲಿನಲ್ಲಿ ಟೊಳ್ಳು ಹೆಚ್ಚಿದ್ದಷ್ಟೂ ಎರಡು ನೀರುಗಳು ಬೇಗ ಬೆರೆಯುತ್ತವೆ. ಹಲವು ಹಳ್ಳಿಗಳ ಬಾವಿಯ ನೀರು ಉಪ್ಪುಪ್ಪಾಗಿರುವುದು ಇದಕ್ಕೇ. ಬೆಟ್ಟದ ಮೇಲಿನ ಹಳ್ಳಿಗಳಿಗೆ ಬಾವಿಯ ಮಾತೇ ಇಲ್ಲ. ನೂರಾರು ಮೀಟರ್ ಕಲ್ಲು ಕೊರೆದರೆ ಮಾತ್ರ ನೀರು ಮುಟ್ಟೀತು.

ಹಾಗಾದರೆ ಜನ ಏನು ಕುಡಿಯುತ್ತಾರೆ? ಆಕಾಶದಿಂದ ಬಿದ್ದದ್ದನ್ನು ನೆಲ ಮುಟ್ಟುವ ಮೊದಲೇ ಹಿಡಿದಿಡುತ್ತಾರೆ. ಮನೆಯ ಮಾಡಿನಿಂದ ಇಳಿಯುವ ನೀರು ಕಲ್ಲು ಸಿಮೆಂಟಿನ ತೊಟ್ಟಿಗೆ ಹೋಗುತ್ತದೆ. ಮಸೀದಿಗಳಲ್ಲೂ ಮಳೆನೀರಿನ ತೊಟ್ಟಿಗಳಿವೆ. ಜನ ವುಝೂ ಮಾಡುವುದು ಅದರಿಂದಲೇ. ಮಳೆಗಾಲ ತಡವಾದರೆ ತೊಟ್ಟಿಯ ತಳ ಕಾಣುತ್ತದೆ. ಆಗ ದುಡ್ಡಿದ್ದವರು ಟ್ಯಾಂಕರ್ ತರಿಸುತ್ತಾರೆ, ಇಲ್ಲದವರು ಕೊಡ ಹೊತ್ತು ನಡೆಯುತ್ತಾರೆ. ನಮಗೆ ಇದು ಗೊತ್ತಿಲ್ಲದ ಕಥೆಯಲ್ಲ.

ಮಳೆ ಮತ್ತು ನೀರು ಒಂದೇ ಅಲ್ಲ ಎಂಬುದನ್ನು ಆ ದ್ವೀಪ ಸ್ಪಷ್ಟವಾಗಿ ತೋರಿಸುತ್ತದೆ. ಮಳೆ ಅಲ್ಲಾಹನ ರಹ್ಮತ್. ಯಾರೂ ಕೇಳದೆ, ಯಾರಿಗೂ ಬಿಲ್ ಕೊಡದೆ ಬೀಳುತ್ತದೆ. ಆ ರಹ್ಮತ್ ಒಂದು ಮಗುವಿನ ಲೋಟಕ್ಕೆ ನೀರಾಗಿ ಬರಬೇಕಾದರೆ ನಡುವೆ ಮನುಷ್ಯನ ಕೈ ಬೇಕು. ಹಿಡಿಯಬೇಕು, ಮುಚ್ಚಿಡಬೇಕು, ಹಂಚಬೇಕು.

ತೊಟ್ಟಿಗೆ ಬೂದಿ ಬಿದ್ದಾಗ

2005ರಲ್ಲಿ ಕಾರ್ತಾಲಾ ಎರಡು ಸಲ ಸಿಡಿಯಿತು. ಏಪ್ರಿಲ್‌ನಲ್ಲಿ ಸಾವಿರಾರು ಜನ ಹಳ್ಳಿ ಬಿಟ್ಟು ಓಡಿದರು. ನವೆಂಬರ್ ಕೊನೆಯಲ್ಲಿ ಮತ್ತೆ ಸಿಡಿದಾಗ ದ್ವೀಪದ ಬಹುಭಾಗದ ಮೇಲೆ ಬೂದಿ ಸುರಿಯಿತು. ಈ ಬಾರಿ ಲಾವಾ ಯಾವ ಊರನ್ನೂ ನುಂಗಲಿಲ್ಲ. ಆದರೆ ಬೂದಿ ಮಾಡುಗಳ ಮೇಲೆ ಬಿತ್ತು, ಮಾಡಿನಿಂದ ತೊಟ್ಟಿಗೆ ಇಳಿಯಿತು. ಎಷ್ಟೋ ತೊಟ್ಟಿಗಳಿಗೆ ಮುಚ್ಚಳವೇ ಇರಲಿಲ್ಲ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಕುಡಿಯುವ ನೀರು ಕೆಟ್ಟಿತು. ಯುನಿಸೆಫ್‌ನಂಥ ಸಂಸ್ಥೆಗಳು ನೀರು ಹಂಚಬೇಕಾಯಿತು.

ಜ್ವಾಲಾಮುಖಿಯ ಬೂದಿ ನಮ್ಮ ಒಲೆಯ ಬೂದಿಯಂತಲ್ಲ. ಅದು ಪುಡಿಯಾದ ಕಲ್ಲು ಮತ್ತು ಗಾಜಿನಂಥ ಚೂರು. ಅದಕ್ಕೆ ಆಮ್ಲ, ಫ್ಲೋರೈಡ್‌ನಂಥ ವಸ್ತುಗಳು ಅಂಟಿಕೊಂಡಿರುತ್ತವೆ. ಜನ ತೊಟ್ಟಿ ಖಾಲಿ ಮಾಡಿ, ಉಜ್ಜಿ ತೊಳೆದು, ಮುಂದಿನ ಮಳೆಗೆ ಕಾಯಬೇಕಾಯಿತು.

ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕು, ನೀರಿನ ಚೀಲದ ಬಾಯಿ ಕಟ್ಟಬೇಕು ಎಂದು ಪ್ರವಾದಿ(ಸ)ರವರು ಕಲಿಸಿದ ಹದೀಸ್ ನಮಗೆಲ್ಲ ಗೊತ್ತು. ಅದನ್ನು ಅಡುಗೆಮನೆಯ ಒಂದು ಅದಬ್ ಎಂದು ಮಾತ್ರ ತಿಳಿದಿದ್ದೇವೆ. ಆದರೆ ಮುಚ್ಚಳವಿದ್ದ ತೊಟ್ಟಿಗೂ ಇಲ್ಲದ ತೊಟ್ಟಿಗೂ ಇರುವ ವ್ಯತ್ಯಾಸ ಎಷ್ಟೆಂಬುದನ್ನು ಆ ನವೆಂಬರ್ ತೋರಿಸಿತು. ನಮ್ಮಲ್ಲಿ ಬೂದಿ ಬೀಳುವುದಿಲ್ಲ. ಆದರೆ ಬಾಯಿ ತೆರೆದ ಟ್ಯಾಂಕಿಯಲ್ಲಿ ಡೆಂಗೆ ಸೊಳ್ಳೆ ಮೊಟ್ಟೆಯಿಡುತ್ತದೆ.

ವುಝೂವಿನ ನೀರು, ಕುಡಿಯುವ ನೀರು

ಇಲ್ಲಿ ಒಂದು ಮಸ್‌ಅಲಾ ಏಳುತ್ತದೆ. ಬೂದಿ ಬೆರೆತು ಬಣ್ಣ ಬದಲಾದ ನೀರಿನಲ್ಲಿ ವುಝೂ ಸರಿಯೇ?

ಶಾಫಿಈ ಫಿಕ್ಹ್ ಕಿತಾಬುಗಳಲ್ಲಿ ಇದಕ್ಕೆ ಸಂಬಂಧಿಸಿದ ತತ್ತ್ವವಿದೆ. ನೀರಿಗೆ ನಜಸ್ ಬಿದ್ದು ಬಣ್ಣ, ರುಚಿ ಅಥವಾ ವಾಸನೆ ಬದಲಾದರೆ ಅದು ಅಶುದ್ಧ. ಆದರೆ ಮಣ್ಣು, ಪಾಚಿ, ನೀರು ನಿಲ್ಲುವ ಅಥವಾ ಹರಿಯುವ ಜಾಗದಲ್ಲಿರುವ ಖನಿಜಗಳು, ಇಂಥ ತಪ್ಪಿಸಲಾಗದ ವಸ್ತುಗಳಿಂದ ಬದಲಾವಣೆಯಾದರೆ ನೀರು ಶುದ್ಧೀಕರಿಸುವ ಗುಣವನ್ನು ಕಳೆದುಕೊಳ್ಳುವುದಿಲ್ಲ. ಈ ಖನಿಜಗಳ ಉದಾಹರಣೆಯಲ್ಲಿ ನಮ್ಮ ಹಿಂದಿನ ಉಲಮಾಗಳು ಗಂಧಕದ ಹೆಸರನ್ನೇ ಹೇಳಿದ್ದಾರೆ. ಬೆಂಕಿಬೆಟ್ಟದ ನಾಡಿನವರಿಗೆ ಇದು ಪುಸ್ತಕದ ಮಾತಲ್ಲ, ಮನೆಯ ಮಾತು.

ಹಾಗೆಂದು ಆ ನೀರನ್ನು ಕುಡಿಯಬಹುದೇ? ಅದು ಬೇರೆಯೇ ಪ್ರಶ್ನೆ. ವುಝೂವಿಗೆ ಶುದ್ಧವಾದುದೆಲ್ಲ ಹೊಟ್ಟೆಗೆ ಸುರಕ್ಷಿತವಲ್ಲ. ದೇಹಕ್ಕೆ ಹಾನಿ ಮಾಡುವುದನ್ನು ತಿಳಿದೂ ಕುಡಿಯಲು ಶರೀಅತ್ ಅನುಮತಿಸುವುದಿಲ್ಲ. ಹಾನಿ ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ಆ ವಿಷಯ ಬಲ್ಲವರು, ಅಂದರೆ ವೈದ್ಯರು ಮತ್ತು ನೀರು ಪರೀಕ್ಷಿಸುವವರು. ನಮ್ಮಲ್ಲೂ ಎಷ್ಟೋ ಮಸೀದಿಗಳ ಬಾವಿಯ ನೀರು ವುಝೂವಿಗೆ ಆಗುತ್ತದೆಂದು ಪರೀಕ್ಷೆಯಿಲ್ಲದೆ ಮದ್ರಸದ ಮಕ್ಕಳಿಗೂ ಕುಡಿಯಲು ಕೊಡುತ್ತೇವೆ. ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು.

ಇನ್ನೂ ಮುಂದಿನ ಮಾತಿದೆ. ಇರುವ ಸ್ವಲ್ಪ ನೀರು ಕುಡಿಯಲು ಬೇಕಾಗಿದ್ದರೆ ವುಝೂ ಬಿಟ್ಟು ತಯಮ್ಮುಮ್ ಮಾಡಬೇಕೆಂದು ಫಿಕ್ಹ್ ಹೇಳುತ್ತದೆ. ನಿಮ್ಮ ಬಾಯಾರಿಕೆ ಮಾತ್ರವಲ್ಲ, ಜೊತೆಗಿರುವವರ ಬಾಯಾರಿಕೆ, ನೀವು ಸಾಕಿದ ಪ್ರಾಣಿಯ ಬಾಯಾರಿಕೆ ಕೂಡ ಇದಕ್ಕೆ ಕಾರಣವಾಗುತ್ತದೆ. ನಮಾಝ್ ದೀನಿನ ಸ್ತಂಭ. ಆ ನಮಾಝಿಗೆ ಬೇಕಾದ ವುಝೂವಿಗಿಂತಲೂ ಒಂದು ಜೀವದ ಬಾಯಾರಿಕೆಯನ್ನು ಅಲ್ಲಾಹನ ಶರೀಅತ್ ಮುಂದಿಟ್ಟಿದೆ. ಇದನ್ನು ತಿಳಿದವನು ವುಝೂವಿನ ಹೆಸರಿನಲ್ಲಿ ನೀರನ್ನು ಚರಂಡಿಗೆ ಹರಿಯಬಿಡಲಾರ.

ತೊಟ್ಟಿಯ ಒಡತಿ

ಅಂಗಾಝಿಜಾದ ಇನ್ನೊಂದು ಅಚ್ಚರಿ ಅಲ್ಲಿನ ಮನೆಗಳು. ಮದುವೆಯಾದ ಮೇಲೆ ಹೆಣ್ಣು ಗಂಡನ ಮನೆಗೆ ಹೋಗುವುದಿಲ್ಲ, ಗಂಡ ಹೆಂಡತಿಯ ಮನೆಗೆ ಬರುತ್ತಾನೆ. ನಾವು ಮನೆಅಳಿಯ ಎಂದು ಕೊಂಕಾಗಿ ಹೇಳುವುದು ಅಲ್ಲಿ ಎಲ್ಲ ಗಂಡಸರ ಸಹಜ ಬದುಕು. ತಂದೆ, ತಾಯಿ, ಸೋದರಮಾವಂದಿರು ಸೇರಿ ಹೆಣ್ಣುಮಗಳಿಗಾಗಿ ಮನೆ ಕಟ್ಟಿಸುತ್ತಾರೆ. ತಾಯಿಯ ಕಡೆಯಿಂದ ಬಂದ ನೆಲ ಮತ್ತು ಮನೆ ಹೆಣ್ಣುಮಕ್ಕಳ ಸಾಲಿನಲ್ಲೇ ಉಳಿಯುತ್ತವೆ. ಈ ಪದ್ಧತಿಗೆ ಅಲ್ಲಿ ಮಾನ್ಯಾಹುಲಿ ಎನ್ನುತ್ತಾರೆ. ಉತ್ತರ ಮಲಬಾರಿನ ಮಾಪಿಳ್ಳೆಗಳಲ್ಲಿ, ಲಕ್ಷದ್ವೀಪದಲ್ಲಿ ಇಂಥದ್ದೇ ತಾಯಿಮನೆಯ ರೂಢಿಯನ್ನು ನಾವು ಕಂಡಿದ್ದೇವೆ.

ಇದು ಶರೀಅತಿನ ವಾರಸು ನಿಯಮವಲ್ಲ, ಇಸ್ಲಾಮಿನ ಜೊತೆಜೊತೆಗೇ ಉಳಿದುಬಂದ ನಾಡಿನ ಪದ್ಧತಿ. ಅದನ್ನು ಇಲ್ಲಿ ಹೇಳಿದ್ದು ಅನುಕರಿಸಲಿಕ್ಕಲ್ಲ. ಒಂದು ವಿಷಯ ಗಮನಿಸಲು ಮಾತ್ರ. ಮನೆ ಹೆಣ್ಣಿನದ್ದಾದರೆ ಮನೆಯ ತೊಟ್ಟಿಯೂ ಅವಳದ್ದೇ. ಎಷ್ಟು ನೀರಿದೆ, ಎಷ್ಟು ದಿನ ಬರುತ್ತದೆ, ನೆರೆಯವರಿಗೆ ಎಷ್ಟು ಕೊಡಬಹುದು ಎಂಬ ಲೆಕ್ಕ ಅವಳ ಕೈಯಲ್ಲಿರುತ್ತದೆ. ನಮ್ಮ ಮನೆಗಳಲ್ಲೂ ಬಾವಿ ಬತ್ತಿದ್ದು ಮೊದಲು ತಿಳಿಯುವುದು ತಾಯಂದಿರಿಗೆ, ಕೊಡ ಹೊರುವವರೂ ಅವರೇ. ಆದರೆ ಮನೆ ಕಟ್ಟುವಾಗ ಮಾಡಿನ ನೀರು ಎಲ್ಲಿಗೆ ಹೋಗಬೇಕು, ಟ್ಯಾಂಕಿ ಎಲ್ಲಿರಬೇಕು ಎಂದು ಅವರನ್ನು ಎಷ್ಟು ಜನ ಕೇಳುತ್ತೇವೆ?

ಲಾವಾದ ಗುಹೆಯ ಮೀನು

ಬೆಂಕಿಯ ಬೆಟ್ಟ ನೀರಿನ ಮೇಲೆ ಎಷ್ಟಿದೆಯೋ ಅದಕ್ಕಿಂತ ಹೆಚ್ಚು ನೀರಿನ ಕೆಳಗಿದೆ. ಅಲ್ಲಿ, ತಣ್ಣಗಾದ ಲಾವಾದ ಕಡಿದಾದ ಗೋಡೆಗಳಲ್ಲಿ ಗುಹೆಗಳಿವೆ. ಆ ಗುಹೆಗಳಲ್ಲಿ ಸುಮಾರು 200 ಮೀಟರ್ ಆಳದಲ್ಲಿ ಒಂದು ಮೀನು ಹಗಲು ಮಲಗಿದ್ದು ರಾತ್ರಿ ಬೇಟೆಗೆ ಹೊರಡುತ್ತದೆ. ವಿಜ್ಞಾನಿಗಳು ಅದನ್ನು ಸೀಲಕ್ಯಾಂತ್ ಎನ್ನುತ್ತಾರೆ. ಕಲ್ಲಿನಲ್ಲಿ ಅಚ್ಚಾಗಿ ಉಳಿದ ಗುರುತುಗಳಿಂದ ಮಾತ್ರ ಅದು ಅವರಿಗೆ ಪರಿಚಿತವಾಗಿತ್ತು. ಡೈನೋಸಾರ್‌ಗಳ ಜೊತೆಗೇ ಅದೂ ಅಳಿದುಹೋಗಿದೆ ಎಂದು ನಂಬಿದ್ದರು.

1938ರಲ್ಲಿ ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿ ಅಂಥ ಒಂದು ಮೀನು ಬಲೆಗೆ ಬಿತ್ತು. ಅಲ್ಲಿನ ಮ್ಯೂಸಿಯಮ್ಮಿನ ಯುವತಿ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್ ಅದರ ವಿಶೇಷವನ್ನು ಗಮನಿಸಿದರು. ಪ್ರೊಫೆಸರ್ ಜೆ.ಎಲ್.ಬಿ. ಸ್ಮಿತ್ ಅದು ಸೀಲಕ್ಯಾಂತ್ ಎಂದು ಗುರುತಿಸಿದರು. ಎರಡನೆಯದಕ್ಕಾಗಿ ಸ್ಮಿತ್ ಹದಿನಾಲ್ಕು ವರ್ಷ ಹುಡುಕಿದರು. ಚಿತ್ರವಿರುವ ಕರಪತ್ರ ಅಚ್ಚು ಮಾಡಿಸಿ, ತಂದುಕೊಟ್ಟವರಿಗೆ 100 ಪೌಂಡ್ ಬಹುಮಾನ ಸಾರಿದರು. 1952ರ ಡಿಸೆಂಬರಿನಲ್ಲಿ ಅಂಜುವಾನ್ ದ್ವೀಪದ ಬೆಸ್ತ ಅಹಮದಿ ಅಬ್ದುಲ್ಲಾ ಅದನ್ನು ಹಿಡಿದರು. ಮಾರುಕಟ್ಟೆಯಲ್ಲಿ ಕತ್ತರಿಸುವ ಮೊದಲೇ ಒಬ್ಬ ಶಿಕ್ಷಕರು ಕರಪತ್ರದ ಚಿತ್ರ ನೆನಪಿಸಿಕೊಂಡು ತಡೆದರು. ದಕ್ಷಿಣ ಆಫ್ರಿಕಾದ ಪ್ರಧಾನಿ ಸೇನೆಯ ವಿಮಾನವನ್ನೇ ಕೊಟ್ಟು ಸ್ಮಿತ್ ಅವರನ್ನು ಕಳುಹಿಸಿದರು.

ಲೋಕವೆಲ್ಲ ಅಚ್ಚರಿಪಟ್ಟಿತು. ಆದರೆ ಆ ದ್ವೀಪಗಳ ಬೆಸ್ತರಿಗೆ ಅಚ್ಚರಿಯಾಗಲಿಲ್ಲ. ಅವರಲ್ಲಿ ಆ ಮೀನಿಗೆ ಗೊಂಬೆಸ್ಸಾ ಎಂಬ ಹೆಸರು ಮೊದಲೇ ಇತ್ತು. ಆಗಾಗ ಗಾಳಕ್ಕೆ ಬೀಳುತ್ತಿತ್ತು. ತಿನ್ನಲು ರುಚಿಯಿಲ್ಲವೆಂದು ಅವರಿಗೆ ಗೊತ್ತಿತ್ತು. ದೊಡ್ಡ ವಿದ್ವಾಂಸರು ಇಲ್ಲವೆಂದು ಬರೆದಿಟ್ಟದ್ದನ್ನು ಓದುಬರಹ ಬಾರದ ಬೆಸ್ತರು ದೋಣಿಯಲ್ಲಿ ತಂದು ಹಾಕಿದರು. ಇಲ್ಮ್ ಇರುವುದು ಪದವಿ ಪಡೆದವರಲ್ಲಿ ಮಾತ್ರವಲ್ಲ ಎಂದು ಮದ್ರಸ ಮತ್ತು ಕಾಲೇಜು ಎರಡನ್ನೂ ಕಂಡ ನಮ್ಮಂಥವರು ನೆನಪಿಡಬೇಕಾದ ಘಟನೆ ಇದು.

1987ರಲ್ಲಿ ಜರ್ಮನಿಯ ಹಾನ್ಸ್ ಫ್ರಿಕೆ ಚಿಕ್ಕ ಜಲಾಂತರ್ಗಾಮಿಯಲ್ಲಿ ಅಂಗಾಝಿಜಾದ ಕಡಲಿಗೆ ಇಳಿದು ಜೀವಂತ ಗೊಂಬೆಸ್ಸಾವನ್ನು ಮೊದಲ ಬಾರಿಗೆ ಅದರ ಮನೆಯಲ್ಲೇ ಚಿತ್ರೀಕರಿಸಿದರು. ಅದು ಮೊಟ್ಟೆಯಿಡದೆ ಮರಿ ಹಾಕುವ ಮೀನು. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದು ಸುಮಾರು ನೂರು ವರ್ಷ ಬದುಕುತ್ತದೆ, ಮರಿಯನ್ನು ಸುಮಾರು ಐದು ವರ್ಷ ಗರ್ಭದಲ್ಲಿ ಹೊರುತ್ತದೆ. ಇಷ್ಟು ನಿಧಾನವಾಗಿ ಹೆಚ್ಚುವ ಜೀವ ಒಮ್ಮೆ ಕಡಿಮೆಯಾದರೆ ಮತ್ತೆ ಹೆಚ್ಚಲು ತಲೆಮಾರುಗಳು ಬೇಕು. ಹಾಗಾಗಿ ಅದರ ವ್ಯಾಪಾರವನ್ನು ಲೋಕವೆಲ್ಲ ನಿಷೇಧಿಸಿದೆ.

ಕಡಲ ತಳದಲ್ಲಿ ಹೊಸ ಪರ್ವತ

ಬೆಟ್ಟಗಳು ಹುಟ್ಟುವುದು ಹಳೆಯ ಕಾಲದ ಮಾತು ಎಂದು ತಿಳಿಯಬೇಡಿ. 2018ರ ಮೇ ತಿಂಗಳಲ್ಲಿ ಮಯೋಟ್ ದ್ವೀಪ ನಡುಗತೊಡಗಿತು. ಒಂದರ ಹಿಂದೆ ಒಂದು ಕಂಪನ. ಹೆದರಿದ ಜನ ಮನೆಯ ಹೊರಗೆ ಮಲಗಿದರು. ನವೆಂಬರ್ 11ರಂದು ಅಲ್ಲಿಂದ ಹೊರಟ ವಿಚಿತ್ರವಾದ ನಿಧಾನ ಕಂಪನವನ್ನು ಜಗತ್ತಿನ ನಾನಾ ಕಡೆಯ ಯಂತ್ರಗಳು ದಾಖಲಿಸಿದವು, ಕಾರಣ ಯಾರಿಗೂ ತಿಳಿಯಲಿಲ್ಲ. 2019ರಲ್ಲಿ ಸಂಶೋಧನಾ ಹಡಗು ಹೋಗಿ ನೋಡಿದಾಗ ದ್ವೀಪದಿಂದ ಸುಮಾರು 50 ಕಿಲೋಮೀಟರ್ ಪೂರ್ವಕ್ಕೆ, ಮೂರೂವರೆ ಕಿಲೋಮೀಟರ್ ಆಳದ ಕಡಲ ತಳದಲ್ಲಿ, 800 ಮೀಟರಿಗೂ ಎತ್ತರದ ಹೊಚ್ಚ ಹೊಸ ಜ್ವಾಲಾಮುಖಿ ನಿಂತಿತ್ತು. ಒಂದೇ ವರ್ಷದ ಒಳಗೆ ಎದ್ದದ್ದು. ನೆಲದಡಿಯ ಲಾವಾ ಹೊರಬಂದದ್ದರಿಂದ ಮಯೋಟ್ ದ್ವೀಪವೇ ಸುಮಾರು 20 ಸೆಂಟಿಮೀಟರ್ ಪೂರ್ವಕ್ಕೆ ಸರಿದು, ಹತ್ತು ಸೆಂಟಿಮೀಟರಿಗೂ ಹೆಚ್ಚು ಕುಸಿಯಿತು. ಆ ಪರ್ವತಕ್ಕೆ ಈಗ ಫಾನಿ ಮಾವೊರೆ ಎಂದು ಹೆಸರಿಟ್ಟಿದ್ದಾರೆ.

ಮಯೋಟ್‌ನ ಇನ್ನೊಂದು ಸುದ್ದಿಯನ್ನೂ ಕೇಳಿ. ಅದು ಹಳೆಯ ದ್ವೀಪ, ಅಲ್ಲಿ ಜೇಡಿಮಣ್ಣಿದೆ, ಹೊಳೆಗಳಿವೆ, ಶ್ರೀಮಂತ ಫ್ರಾನ್ಸಿನ ಆಡಳಿತವಿದೆ. ಆದರೂ 2023ರಲ್ಲಿ ಮಳೆ ಕೈಕೊಟ್ಟಾಗ ಜಲಾಶಯಗಳು ಬತ್ತಿದವು. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬರುವ ಸ್ಥಿತಿ ಬಂತು, ಜನರಿಗೆ ಬಾಟಲಿ ನೀರು ಹಂಚಿದರು. ನದಿಯಿಲ್ಲದ ಅಂಗಾಝಿಜಾ ಒಂದು ಬದಿ, ನದಿಯಿದ್ದೂ ಬಾಯಾರಿದ ಮಯೋಟ್ ಇನ್ನೊಂದು ಬದಿ. ನದಿ ಇದೆ, ಅಣೆಕಟ್ಟು ಇದೆ ಎಂದು ನಿಶ್ಚಿಂತರಾಗುವಂತಿಲ್ಲ.

ನಮ್ಮ ಮಾಡಿನ ಮೇಲೆ ಬೀಳುವ ಮಳೆ

ಸಹೋದರರೇ, ಸಹೋದರಿಯರೇ, ಈಗ ನಮ್ಮ ಲೆಕ್ಕ ನೋಡೋಣ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ಮೊರೋನಿಗಿಂತ ಹೆಚ್ಚು. ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲೇ ಬಿದ್ದು ಹೋಗುತ್ತದೆ. ನಮ್ಮ ಮುರಕಲ್ಲಿನಲ್ಲೂ ತೂತುಗಳಿವೆ. ಏಪ್ರಿಲ್, ಮೇ ಬರುವಷ್ಟರಲ್ಲಿ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಬಯಲುಸೀಮೆಯ ಸಹೋದರರಿಗೆ ಮಳೆಯೇ ಕಡಿಮೆ, ಬೋರ್‌ವೆಲ್ ವರ್ಷದಿಂದ ವರ್ಷಕ್ಕೆ ಆಳಕ್ಕೆ ಹೋಗುತ್ತಿದೆ.

ಸುಮಾರು ಎರಡು ಸಾವಿರ ಚದರ ಅಡಿ ಮಾಡಿರುವ ಒಂದು ಸಾಧಾರಣ ಮಸೀದಿಯ ಮೇಲೆ ಕರಾವಳಿಯಲ್ಲಿ ವರ್ಷಕ್ಕೆ ಆರು ಲಕ್ಷ ಲೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಈಗ ಅದು ಪೈಪಿನಲ್ಲಿ ಇಳಿದು ರಸ್ತೆಗೆ ಹೋಗುತ್ತದೆ. ಅದೇ ಪೈಪನ್ನು ಮರಳು ಜಲ್ಲಿಯ ಸೋಸುಗುಂಡಿಯ ಮೂಲಕ ಬಾವಿಗೋ ಮುಚ್ಚಿದ ಟ್ಯಾಂಕಿಗೋ ತಿರುಗಿಸಬಹುದು. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು ಆಮೇಲಿನದ್ದನ್ನು ಹಿಡಿಯಬೇಕು. ಟೈಲ್ಸ್ ಹಾಕಿಸಲು, ದೀಪಾಲಂಕಾರಕ್ಕೆ ನಾವು ಕೂಡಿಸುವ ಹಣದ ಒಂದು ಭಾಗ ಇದಕ್ಕೆ ಸಾಕು. ಮದೀನದಲ್ಲಿ ರೂಮಾ ಬಾವಿಯನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟ ಹಝ್ರತ್ ಉಸ್ಮಾನ್(ರ)ರವರ ದಾನವನ್ನು ಮಿಂಬರ್‌ನಲ್ಲಿ ಹೇಳುತ್ತೇವೆ. ತಮ್ಮ ತಾಯಿಯ ಹೆಸರಿನಲ್ಲಿ ಬಾವಿ ತೋಡಿಸಿದ ಸಅದ್ ಇಬ್ನ್ ಉಬಾದಾ(ರ)ರವರನ್ನು ನೆನೆಯುತ್ತೇವೆ. ತೀರಿಹೋದ ತಂದೆತಾಯಿಗಾಗಿ ಸ್ವದಖಾ ಜಾರಿಯಾ ಮಾಡಬೇಕೆನ್ನುವವರಿಗೆ ಮಸೀದಿಯ ಮಳೆನೀರಿನ ತೊಟ್ಟಿಗಿಂತ ಹತ್ತಿರದ ದಾರಿ ಯಾವುದಿದೆ?

ಹಿಡಿದ ನೀರನ್ನು ಉಳಿಸುವುದೂ ಅಷ್ಟೇ ಮುಖ್ಯ. ಪ್ರವಾದಿ(ಸ)ರವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಅನಸ್(ರ)ರವರ ವರದಿ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅದು ಒಂದು ಲೀಟರಿನ ಒಳಗೇ. ಈ ವಾರ ಒಂದು ಪ್ರಯೋಗ ಮಾಡಿ. ವುಝೂ ಮಾಡುವಾಗ ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಮುಗಿದ ಮೇಲೆ ಎಷ್ಟು ತುಂಬಿದೆ ನೋಡಿ. ಒಬ್ಬರು ಐದು ಲೀಟರ್ ಬಳಸಿದರೆ ಇನ್ನೂರು ಮಂದಿ ಸೇರುವ ಜುಮಾಕ್ಕೆ ಸಾವಿರ ಲೀಟರ್. ಒಂದು ಲೀಟರಿನಲ್ಲಿ ಮುಗಿಸಿದರೆ ಇನ್ನೂರು ಲೀಟರ್. ಉಳಿದ ಎಂಟುನೂರು ಲೀಟರ್ ಬೇಸಿಗೆಯಲ್ಲಿ ಮಸೀದಿಯ ಅಕ್ಕಪಕ್ಕದ ಮನೆಗಳಿಗೆ ಕೊಡಬಹುದಾದ ನೀರು. ಆ ಮನೆ ಯಾರದ್ದು, ಯಾವ ಧರ್ಮದವರದ್ದು ಎಂದು ನೋಡಬೇಕಾಗಿಲ್ಲ. ಬಾಯಾರಿದ ನಾಯಿಗೆ ನೀರುಣಿಸಿದವರ ಪಾಪವನ್ನೇ ಅಲ್ಲಾಹನು ಕ್ಷಮಿಸಿದನೆಂದು ನಮ್ಮ ಪ್ರವಾದಿ(ಸ) ಕಲಿಸಿದ್ದಾರೆ.

ಸಮುದ್ರದಾಚೆಯ ಆ ಸಹೋದರರು ಮುಂದಿನ ಮಳೆಗೆ ತೊಟ್ಟಿ ತೊಳೆದು ಕಾಯುತ್ತಾರೆ. ನಮ್ಮಲ್ಲಿ ಜೂನ್ ಬರುವ ಮೊದಲು ಪ್ರತಿಯೊಂದು ಜಮಾಅತ್ ತನ್ನ ಮಸೀದಿಯ ಮಾಡಿನ ಪೈಪು ಎಲ್ಲಿಗೆ ಹೋಗುತ್ತದೆಂದು ಒಮ್ಮೆ ನೋಡಲಿ.

ಅಲ್ಲಾಹನು ನಮ್ಮ ನೀರನ್ನು ಆಳಕ್ಕೆ ಇಳಿಸಿಬಿಡದಿರಲಿ. ಅವನು ಕೊಟ್ಟ ಮಳೆಯನ್ನು ಹಿಡಿದಿಡುವ, ಹಂಚಿಕೊಳ್ಳುವ ತೌಫೀಕನ್ನು ನಮಗೆ ನೀಡಲಿ. ಆ ದ್ವೀಪಗಳ ನಮ್ಮ ಸಹೋದರ ಸಹೋದರಿಯರನ್ನು ಬೆಂಕಿಯಿಂದಲೂ ಬಾಯಾರಿಕೆಯಿಂದಲೂ ಕಾಪಾಡಲಿ. ಆಮೀನ್.